ಫಿಫ್ತ್ ವೀಲ್ ಟ್ರೈಲರ್ ಎಳೆಯುವುದು, ಅದರಲ್ಲೇ ಸಂಸಾರ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾಲ್ಕು ವರ್ಷದಿಂದ ನಮ್ಮ ಮನೆಗೆ ಚಕ್ರ ಇದೆ. ಅಮೆರಿಕದಲ್ಲಿ 36 ಅಡಿ ಉದ್ದದ ಫಿಫ್ತ್ ವೀಲ್ ಟ್ರೈಲರಿನಲ್ಲಿ ನಾನು, ನನ್ನ ಹೆಂಡತಿ, ಹತ್ತು ವರ್ಷದ ಮಗಳು ವಾಸವಾಗಿದ್ದೇವೆ. ಎಳೆಯಲು ಒಂದು ಡೀಸೆಲ್ ಪಿಕಪ್ ಇದೆ. ಯಾವ ಊರಿನ ಕನ್ನಡ ಕೂಟಕ್ಕೆ ಹೋದರೂ ಯಾರಾದರೊಬ್ಬರು ಪಕ್ಕಕ್ಕೆ ಕರೆದು ಇದರ ಬಗ್ಗೆ ಕೇಳುತ್ತಾರೆ. ಈಚೆಗೆ ಇಬ್ಬರು ಗೆಳೆಯರು ಟ್ರೈಲರ್ ಕೊಂಡೇಬಿಟ್ಟರು. ಅವರಿಗೆ ಫೋನಿನಲ್ಲಿ ಹೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಫಿಫ್ತ್ ವೀಲ್ ಅಂದರೆ ಏನು? ಐದನೇ ಚಕ್ರ ಎಲ್ಲಿದೆ?

ಐದನೇ ಚಕ್ರ ಅಂತ ಒಂದು ಇಲ್ಲ. ಹಳೆಯ ಕಾಲದ ಕುದುರೆ ಗಾಡಿಗಳಲ್ಲಿ ಮುಂದಿನ ಅಚ್ಚು ತಿರುಗಲಿ ಅಂತ ಅದರ ಮೇಲೆ ಚಕ್ರದಂಥ ಒಂದು ದುಂಡು ತಟ್ಟೆಯನ್ನು ಅಡ್ಡಲಾಗಿ ಕೂರಿಸುತ್ತಿದ್ದರು. ಹೆಸರು ಅಲ್ಲಿಂದ ಬಂತು. ಬೆಂಗಳೂರು-ಪುಣೆ ಹೆದ್ದಾರಿಯಲ್ಲಿ ಓಡುವ ಕಂಟೇನರ್ ಟ್ರೈಲರ್ ಲಾರಿಗಳಿಗೂ ಇದೇ ಜೋಡಣೆ.

ಮನೆ ಟ್ರೈಲರಿನಲ್ಲಿ ಅದು ಹೀಗಿರುತ್ತದೆ. ಪಿಕಪ್‌ನ ಹಿಂದಿನ ತೊಟ್ಟಿಯಲ್ಲಿ, ಹಿಂದಿನ ಅಚ್ಚಿನ ಹತ್ತಿರ ಒಂದು ಹಿಚ್ ಕೂರಿಸಿರುತ್ತಾರೆ. ಟ್ರೈಲರಿನ ಮೂತಿಯಿಂದ ಎರಡು ಇಂಚು ದಪ್ಪದ ಉಕ್ಕಿನ ಕಿಂಗ್‌ಪಿನ್ ಕೆಳಕ್ಕೆ ಇಳಿದಿರುತ್ತದೆ. ಹಿಚ್‌ನ ದವಡೆ ಆ ಪಿನ್ನನ್ನು ಕಚ್ಚಿ ಹಿಡಿಯುತ್ತದೆ. ಬಂಪರಿನ ಹಿಂದೆ ಉಕ್ಕಿನ ಉಂಡೆಗೆ ಸಿಕ್ಕಿಸುವ ಟ್ರೈಲರಿಗಿಂತ ಇದರ ಓಲಾಟ ತುಂಬ ಕಡಿಮೆ. ಯಾಕೆಂದರೆ ಭಾರ ಟ್ರಕ್ಕಿನ ಬಾಲದ ಮೇಲೆ ಬೀಳುವುದಿಲ್ಲ, ಬೆನ್ನಿನ ಮೇಲೇ ಕೂರುತ್ತದೆ. ಆ ಭಾರವನ್ನು ನಿಮ್ಮ ಟ್ರಕ್ಕಿನ ಬೆನ್ನು ತಡೆಯಬೇಕು, ಅಷ್ಟೇ. ಆದರೆ ಜಾಸ್ತಿ ಜನ ಎಡವುವುದೂ ಅಲ್ಲೇ.

ನನ್ನ ಪಿಕಪ್ 14,000 ಪೌಂಡ್ ಎಳೆಯುತ್ತದೆ ಅಂತ ಜಾಹೀರಾತಿನಲ್ಲಿದೆ. ಟ್ರೈಲರ್ 12,000 ಪೌಂಡ್. ಸಾಕಲ್ವಾ?

ಸಾಕಾಗದೆ ಇರಬಹುದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಊರಲ್ಲಿ ಎತ್ತಿನ ಗಾಡಿಗೆ ಹೇರು ಹೇರುವುದನ್ನು ನೋಡಿದ್ದೀರಾ? ಹಿಂಭಾರ ಆದರೆ ಮೂಕಿ ಮೇಲೆದ್ದು ನೊಗ ಎತ್ತುಗಳ ಕುತ್ತಿಗೆಯನ್ನು ಎಳೆಯುತ್ತದೆ. ಮುಂಭಾರ ಜಾಸ್ತಿಯಾದರೆ ಎತ್ತು ಕುಸಿಯುತ್ತದೆ. ನೊಗದ ಮೇಲೆ ಹದವಾದ ಭಾರ ಬೀಳುವ ಹಾಗೆ ಹೇರಬೇಕು. ಟ್ರೈಲರಿಗೂ ಅದೇ ಲೆಕ್ಕ. ಫಿಫ್ತ್ ವೀಲ್‌ನಲ್ಲಿ ಒಟ್ಟು ತೂಕದ 15ರಿಂದ 25 ಶೇಕಡಾ ಪಿನ್ನಿನ ಮೇಲೆ ಬೀಳುತ್ತದೆ. ಇದೇ ಪಿನ್ ಭಾರ. ನಾವು ಅಂದಾಜಿಗೆ 20 ಶೇಕಡಾ ಹಿಡಿಯೋಣ. 12,000 ಪೌಂಡಿನ ಟ್ರೈಲರಿಗೆ 2,400 ಪೌಂಡ್ ಆಯಿತು. ಹಿಚ್ ಇನ್ನೊಂದು 200. ಗಂಡ, ಹೆಂಡತಿ, ಮಗು ಸೇರಿ 400. ಸಲಕರಣೆ ಪೆಟ್ಟಿಗೆ, ಹಲಗೆ, ಸರಪಳಿ, ನೀರಿನ ಕ್ಯಾನು ಅಂತ 200. ಒಟ್ಟು 3,200 ಪೌಂಡ್, ಅಂದರೆ ಸುಮಾರು 1,450 ಕಿಲೋ. ಇಷ್ಟನ್ನು ಟ್ರಕ್ ಎಳೆಯುವುದಲ್ಲ, ಹೊರುವುದು.

ಈಗ ಚಾಲಕನ ಬಾಗಿಲು ತೆಗೆದು ಚೌಕಟ್ಟು ನೋಡಿ. ಅಲ್ಲಿ ಹಳದಿ ಬಣ್ಣದ ಚೀಟಿ ಇರುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ ಅದರಲ್ಲಿ ಬರೆದಿರುತ್ತದೆ. ಅದೇ ನಿಮ್ಮ ಪೇಲೋಡ್. ಜಾಹೀರಾತಿನ ಅಂಕಿ ಬಿಡಿ. ಅದೇ ಮಾದರಿಯ ಇನ್ನೊಬ್ಬರ ಟ್ರಕ್ಕಿನ ಅಂಕಿಯೂ ಬೇಡ. ಸನ್‌ರೂಫ್, ಡೀಸೆಲ್ ಎಂಜಿನ್, ದೊಡ್ಡ ಕ್ಯಾಬ್, ಒಂದೊಂದೂ ಪೇಲೋಡನ್ನು ತಿನ್ನುತ್ತದೆ. ಎಲ್ಲ ಸೌಕರ್ಯ ಇರುವ, ಮುಕ್ಕಾಲು ಟನ್ನಿನದು ಅಂತ ಇಲ್ಲಿ ಕರೆಯುವ ವರ್ಗದ ಡೀಸೆಲ್ ಪಿಕಪ್‌ಗಳಲ್ಲಿ ಈ ಅಂಕಿ 2,000ದ ಆಸುಪಾಸಿಗೆ ಇಳಿದಿರುವುದನ್ನು ನಾನೇ ನೋಡಿದ್ದೇನೆ. ಟ್ರಕ್ ಅದನ್ನು ಎಳೆಯುತ್ತದೆ, ಸಂಶಯವೇ ಇಲ್ಲ. ಆದರೆ ಹಿಂದಿನ ಅಚ್ಚು, ಸ್ಪ್ರಿಂಗು, ಟೈರು ತಡೆಯಬೇಕಲ್ಲ.

ನಮ್ಮ ಮೊದಲ ಟ್ರಕ್ಕನ್ನು ಮಾರಿದವರು "ಆರಾಮಾಗಿ ಎಳೆಯುತ್ತೆ, ಯೋಚನೆ ಮಾಡಬೇಡಿ" ಅಂದಿದ್ದರು. ನಂಬಿದೆವು. ಮೂರನೇ ವಾರ ತೂಕ ಹಾಕಿಸಿದಾಗ 900 ಪೌಂಡ್ ಜಾಸ್ತಿ ಇತ್ತು. ಆ ತೂಕದ ಚೀಟಿ ಕೈಯಲ್ಲಿ ಹಿಡಿದು ನಾನೂ ನನ್ನ ಹೆಂಡತಿಯೂ ಪಾರ್ಕಿಂಗ್‌ನಲ್ಲಿ ಸುಮ್ಮನೆ ಕೂತೆವು. ಮಗಳು ಹಿಂದಿನ ಸೀಟಿನಲ್ಲಿ ಮಲಗಿದ್ದಳು. ಎರಡು ತಿಂಗಳಲ್ಲಿ ನಷ್ಟ ಮಾಡಿಕೊಂಡು ಟ್ರಕ್ ಬದಲಾಯಿಸಿದೆವು. ನೀವು ಮೊದಲು ಟ್ರೈಲರ್ ಯಾವುದು ಅಂತ ಗೊತ್ತು ಮಾಡಿಕೊಳ್ಳಿ. ಆಮೇಲೆ ಅದಕ್ಕೆ ತಕ್ಕ ಟ್ರಕ್ ಹುಡುಕಿ.

ತೂಕ ಎಲ್ಲಿ ಹಾಕಿಸುವುದು?

ಹೆದ್ದಾರಿಯ ದೊಡ್ಡ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಅಂತ ತೂಕದ ಕಟ್ಟೆ ಇರುತ್ತದೆ. ಲಾರಿಯವರಿಗೆ ಮಾಡಿದ್ದು, ನಮಗೂ ಬಿಡುತ್ತಾರೆ. ಅದರ ಹಲಗೆಗಳು ಬೇರೆ ಬೇರೆ. ಟ್ರಕ್ಕಿನ ಮುಂದಿನ ಅಚ್ಚು ಮೊದಲ ಹಲಗೆಯ ಮೇಲೆ, ಹಿಂದಿನ ಅಚ್ಚು ಎರಡನೆಯದರ ಮೇಲೆ, ಟ್ರೈಲರಿನ ಅಚ್ಚುಗಳು ಮೂರನೆಯದರ ಮೇಲೆ ನಿಲ್ಲಬೇಕು. ಆಮೇಲೆ ಟ್ರೈಲರನ್ನು ಬಿಚ್ಚಿಟ್ಟು ಬರೀ ಟ್ರಕ್ಕನ್ನು ಇನ್ನೊಮ್ಮೆ ತೂಗಿಸಿ. ಟ್ರೈಲರ್ ಕಟ್ಟಿದಾಗ ಟ್ರಕ್ಕಿನ ಎರಡು ಅಚ್ಚುಗಳ ಮೇಲೆ ಎಷ್ಟು ಜಾಸ್ತಿ ಬಂದಿತ್ತೋ ಅದೇ ನಿಜವಾದ ಪಿನ್ ಭಾರ.

ಖಾಲಿ ಟ್ರೈಲರ್ ತೂಗಿಸಿ ಸಮಾಧಾನ ಪಡಬೇಡಿ. ನೀರು ತುಂಬಿ, ಬಟ್ಟೆ, ಪಾತ್ರೆ, ಅಕ್ಕಿ, ಬೇಳೆ, ಪುಸ್ತಕ ಎಲ್ಲ ಇಟ್ಟು ತೂಗಿಸಿ. ಒಂದು ಗ್ಯಾಲನ್ ನೀರು 8.3 ಪೌಂಡ್. 60 ಗ್ಯಾಲನ್ನಿನ ತೊಟ್ಟಿ ತುಂಬಿದರೆ 500 ಪೌಂಡ್ ಬಂತು. ನಮ್ಮ ಮನೆಗಳಲ್ಲಿ ಕಲ್ಲಿನ ಗ್ರೈಂಡರು, ಕಬ್ಬಿಣದ ಕಾವಲಿ, 20 ಪೌಂಡಿನ ಅಕ್ಕಿ ಚೀಲಗಳು ಬೇರೆ ಇರುತ್ತವೆ. ಊರಿಂದ ಬಂದ ಉಪ್ಪಿನಕಾಯಿ ಭರಣಿಗೂ ತೂಕ ಇದೆ. ಭಾರದ ಸಾಮಾನನ್ನು ಕೆಳಗೆ, ಅಚ್ಚಿನ ಹತ್ತಿರ ಇಡಿ. ಮೂತಿಯ ಕೆಳಗಿನ ದೊಡ್ಡ ಗೂಡು ಖಾಲಿ ಕಂಡಿತು ಅಂತ ಎಲ್ಲವನ್ನೂ ಅಲ್ಲೇ ತುರುಕಿದರೆ ಆ ಭಾರವೆಲ್ಲ ಪಿನ್ನಿನ ಮೇಲೆ ಬೀಳುತ್ತದೆ.

ಲೈಸೆನ್ಸ್ ಬೇರೆ ಬೇಕಾ?

ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 10,000 ಪೌಂಡ್ ಮೀರಿದ ಫಿಫ್ತ್ ವೀಲ್‌ಗೆ ಸಾಮಾನ್ಯ ಲೈಸೆನ್ಸಿನ ಮೇಲೆ ಇನ್ನೊಂದು ಅನುಮತಿ ಬೇಕು. 15,000 ದಾಟಿದರೆ ವಾಣಿಜ್ಯೇತರ ಕ್ಲಾಸ್ ಎ ಅನ್ನುವ ಬೇರೆ ದರ್ಜೆಯ ಲೈಸೆನ್ಸ್. ಟೆಕ್ಸಾಸ್‌ನಲ್ಲಿ ಟ್ರಕ್ಕೂ ಟ್ರೈಲರೂ ಸೇರಿ 26,000 ಪೌಂಡ್ ಮೀರಿ, ಟ್ರೈಲರೇ 10,000 ಮೀರಿದ್ದರೆ ಅಲ್ಲೂ ಕ್ಲಾಸ್ ಎ. ಇಲ್ಲಿ ಲೆಕ್ಕಕ್ಕೆ ಬರುವುದು ತಯಾರಕರು ಚೀಟಿಯಲ್ಲಿ ಹಾಕಿದ ಗರಿಷ್ಠ ತೂಕ. ನಿಮ್ಮ ರಾಜ್ಯದ ನಿಯಮವನ್ನು ಕೊಳ್ಳುವ ಮೊದಲೇ ನೋಡಿ.

ಟ್ರೈಲರ್ ಕಟ್ಟುವಾಗ ಯಾವುದಕ್ಕೆ ಹೆದರಬೇಕು?

ಕಟ್ಟಿದ ಹಾಗೆ ಕಂಡು ಕಟ್ಟಿಲ್ಲದೆ ಇರುವುದಕ್ಕೆ. ಪಿನ್ ದವಡೆಯ ಒಳಗೆ ಹೋಗದೆ, ಅದರ ಮೇಲೆ ಸುಮ್ನೆ ಕೂತಿರುತ್ತದೆ. ಟ್ರಕ್ ಮುಂದೆ ಸರಿದ ಕೂಡಲೇ ಪಿನ್ ಜಾರಿ, ಇಡೀ ಟ್ರೈಲರ್ ಟ್ರಕ್ಕಿನ ತೊಟ್ಟಿಯ ಅಂಚುಗಳ ಮೇಲೆ ಕುಸಿಯುತ್ತದೆ. ಇದು ಹೊಸಬರಿಗಿಂತ ಅವಸರದಲ್ಲಿರುವ ಹಳಬರಿಗೇ ಆಗುವುದು ಜಾಸ್ತಿ.

ನಾನು ಮಾಡುವ ಕ್ರಮ ಇದು. ಮೊದಲು ಟ್ರೈಲರಿನ ಚಕ್ರಗಳಿಗೆ ಎರಡೂ ಕಡೆ ಅಡೆ. ಆಮೇಲೆ ಟ್ರಕ್ಕಿನ ಹಿಂದಿನ ಬಾಗಿಲು ಕೆಳಗೆ. ಟ್ರೈಲರಿನ ಪಿನ್ ತಟ್ಟೆ ಹಿಚ್ ತಟ್ಟೆಗಿಂತ ಅರ್ಧ ಇಂಚು ತಗ್ಗಿರಬೇಕು. ಆಗ ಹಿಚ್ ಒಳಗೆ ಬರುವಾಗ ಟ್ರೈಲರನ್ನು ತುಸು ಎತ್ತಿಕೊಂಡೇ ಬರುತ್ತದೆ. ನಿಧಾನವಾಗಿ ಹಿಂದೆ ಬಂದು, ಕಟ್ ಅಂತ ಸದ್ದು ಕೇಳಿದ ಮೇಲೆ ಇಳಿಯುತ್ತೇನೆ. ಸದ್ದನ್ನು ನಂಬುವುದಿಲ್ಲ. ಹಗಲಾದರೂ ಟಾರ್ಚ್ ಹಿಡಿದು ನೋಡುತ್ತೇನೆ. ದವಡೆ ಪಿನ್ನನ್ನು ಸುತ್ತ ಹಿಡಿದಿದೆಯಾ? ಎರಡು ತಟ್ಟೆಗಳ ನಡುವೆ ಬೆಳಕು ಕಾಣುತ್ತಿದೆಯಾ? ಬೆಳಕು ಕಂಡರೆ ಬಿಚ್ಚಿ ಮೊದಲಿಂದ.

ಹಿಡಿಗೆ ಬೀಗದ ಪಿನ್, ವಿದ್ಯುತ್ ತಂತಿ, ತುರ್ತು ಬ್ರೇಕಿನ ಕೇಬಲ್ ಆದ ಮೇಲೆ ಟ್ರೈಲರಿನ ಮುಂದಿನ ಕಾಲುಗಳನ್ನು ನೆಲದಿಂದ ಒಂದು ಇಂಚು ಮಾತ್ರ ಎತ್ತುತ್ತೇನೆ. ಅಡೆಗಳು ಇನ್ನೂ ಇರುತ್ತವೆ. ಟ್ರಕ್ಕಿನೊಳಗಿನ ಕಂಟ್ರೋಲರಿನಲ್ಲಿ ಟ್ರೈಲರಿನ ಬ್ರೇಕನ್ನು ಕೈಯಿಂದ ಒತ್ತಿ ಹಿಡಿದು, ಟ್ರಕ್ಕನ್ನು ಮೆಲ್ಲಗೆ ಮುಂದಕ್ಕೆ ಜಗ್ಗುತ್ತೇನೆ. ಹಿಡಿತ ಸರಿ ಇದ್ದರೆ ಟ್ರಕ್ ಅಲ್ಲೇ ನಿಲ್ಲುತ್ತದೆ. ಇಲ್ಲದಿದ್ದರೆ ಟ್ರೈಲರ್ ಒಂದೇ ಇಂಚು ಕೆಳಗೆ, ತನ್ನ ಕಾಲಿನ ಮೇಲೇ ಬೀಳುತ್ತದೆ. ಕಾಲುಗಳನ್ನು ಪೂರ್ತಿ ಎತ್ತಿದ ಮೇಲೆ ಜಗ್ಗಿ ನೋಡುವವರನ್ನು ಕಂಡಿದ್ದೇನೆ. ಹಾಗೆ ಮಾಡಿದರೆ ಪರೀಕ್ಷೆಯೇ ಅಪಘಾತ ಆಗಬಹುದು.

ತುರ್ತು ಬ್ರೇಕಿನ ಕೇಬಲ್ ಅಂದರೆ ಟ್ರೈಲರ್ ಕಳಚಿಕೊಂಡರೆ ತಾನಾಗಿ ಬ್ರೇಕ್ ಹಿಡಿಸುವ ಸಣ್ಣ ತಂತಿ. ಅದನ್ನು ಹಿಚ್‌ನ ಹಿಡಿಗೆ ಸಿಕ್ಕಿಸಬೇಡಿ. ಹಿಚ್ಚೇ ಕಿತ್ತುಬಂದರೆ ಕೇಬಲ್ ಅದರ ಜೊತೆಗೇ ಹೋಗುತ್ತದೆ, ಬ್ರೇಕ್ ಹಿಡಿಯುವುದೇ ಇಲ್ಲ. ಟ್ರಕ್ಕಿನ ಮೈಗೇ ಕಟ್ಟಿ.

ಈ ಕೆಲಸವನ್ನು ಒಬ್ಬರೇ, ಮೊದಲಿಂದ ಕೊನೆತನಕ ಮಾಡಬೇಕು. ಪಕ್ಕದ ಟ್ರೈಲರಿನವರು ಮಾತಾಡಿಸಲು ಬಂದರೆ ನಾನು "ಒಂದ್ನಿಮಿಷ" ಅಂತ ಕೈ ತೋರಿಸುತ್ತೇನೆ. ಯಾರೂ ಬೇಜಾರು ಮಾಡಿಕೊಂಡಿಲ್ಲ.

ತೊಟ್ಟಿ ಗಿಡ್ಡ ಇರುವ ಪಿಕಪ್ ಇದ್ದವರಿಗೆ ಒಂದು ಮಾತು. ಜೋರಾಗಿ ತಿರುಗಿಸಿದಾಗ ಟ್ರೈಲರಿನ ಮೂತಿ ಕ್ಯಾಬಿನ ಹಿಂದಿನ ಗಾಜಿಗೆ ಬಡಿಯಬಹುದು. ಹಿಂದಕ್ಕೆ ಸರಿಯುವ ಹಿಚ್ ಸಿಗುತ್ತದೆ, ಅದನ್ನೇ ಹಾಕಿಸಿ. ಖಾಲಿ ಮೈದಾನದಲ್ಲಿ ಒಮ್ಮೆ ಪೂರ್ತಿ ತಿರುಗಿಸಿ ನೋಡಿ.

ಟೈರು ಹೊಸದಾಗಿ ಕಾಣುತ್ತಿದೆ. ಬದಲಾಯಿಸಲೇಬೇಕಾ?

ಟ್ರೈಲರಿನ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ತಿಂಗಳುಗಟ್ಟಲೆ ಬಿಸಿಲಲ್ಲಿ ನಿಂತು ರಬ್ಬರ್ ಒಳಗಿಂದ ಒಣಗುತ್ತದೆ. ಟೈರಿನ ಪಕ್ಕದಲ್ಲಿ DOT ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕೆ ನೋಡಿ. 3521 ಅಂದರೆ 2021ರ 35ನೇ ವಾರ ತಯಾರಾದದ್ದು. ಐದು ವರ್ಷ ದಾಟಿದ್ದನ್ನು ನಾನು ಇಟ್ಟುಕೊಳ್ಳುವುದಿಲ್ಲ.

ಗಾಳಿ ನೋಡುವುದು ಬೆಳಿಗ್ಗೆ, ಹೊರಡುವ ಮೊದಲು, ಟೈರು ತಣ್ಣಗಿದ್ದಾಗ. ಎಷ್ಟಿರಬೇಕು ಅಂತ ಟ್ರೈಲರಿನ ಚೀಟಿಯಲ್ಲೇ ಇದೆ. ಎಷ್ಟೋ ಟ್ರೈಲರ್ ಟೈರುಗಳು ಗಂಟೆಗೆ 65 ಮೈಲಿಗೆ ಮಾಡಿದವು. ರಸ್ತೆಯ ಫಲಕ 75 ಅಂದರೂ ನಿಮ್ಮ ಟೈರು ಒಪ್ಪುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಂತೂ ಟ್ರೈಲರ್ ಎಳೆಯುವವರಿಗೆ ಕಾನೂನೇ 55. ಉಳಿದ ಕಡೆ ನಾವು 60ರಲ್ಲಿ ಹೋಗುತ್ತೇವೆ. ಗಾಳಿ ಮತ್ತು ಬಿಸಿ ತೋರಿಸುವ ಟಿಪಿಎಂಎಸ್ ಒಂದನ್ನು ಹಾಕಿಸಿ. ಟ್ರೈಲರಿನಲ್ಲಿ ಟೈರು ಒಡೆದರೆ ಟ್ರಕ್ಕಿನಲ್ಲಿ ಕೂತವರಿಗೆ ಮೊದಲು ಗೊತ್ತೇ ಆಗುವುದಿಲ್ಲ. ಗೊತ್ತಾಗುವಷ್ಟರಲ್ಲಿ ಅದು ನೆಲದ ತಗಡು, ಗ್ಯಾಸ್ ಕೊಳವೆ ಎಲ್ಲವನ್ನೂ ಚಚ್ಚಿ ಹಾಕಿರುತ್ತದೆ.

ಘಟ್ಟ ಇಳಿಯುವುದು ಹೇಗೆ?

ಆಗುಂಬೆ ಇಳಿಸುವ ಬಸ್ ಡ್ರೈವರುಗಳು ಮಾಡುವ ಹಾಗೆ, ಗೇರಿನಲ್ಲಿ. ಇಳಿಜಾರು ಶುರುವಾಗುವ ಮೊದಲೇ ವೇಗ ತಗ್ಗಿಸಿ, ಭಾರ ಎಳೆಯುವಾಗ ಗೇರನ್ನು ಕೆಳಗೇ ಹಿಡಿದಿಡುವ ಟೋ-ಹಾಲ್ ಮೋಡ್ ಹಾಕಿ, ಕೆಳಗಿನ ಗೇರಿಗೆ ಬನ್ನಿ. ಡೀಸೆಲ್ ಆದರೆ ಎಂಜಿನ್ನಿನ ಹೊಗೆ ತಡೆದು ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕ್ ಹಾಕಿ. ವೇಗ ಏರಿದಾಗ ಬ್ರೇಕನ್ನು ಗಟ್ಟಿಯಾಗಿ ಒಮ್ಮೆ ಒತ್ತಿ, ಇಳಿಸಿ, ಬಿಟ್ಟುಬಿಡಿ. ಕಾಲನ್ನು ಅದರ ಮೇಲೇ ಇಟ್ಟುಕೊಂಡು ಇಳಿದರೆ ಬ್ರೇಕ್ ಕಾದು ಹಿಡಿತವೇ ಹೋಗುತ್ತದೆ.

ಕೊಲರಾಡೊದ ಐ-70ರಲ್ಲಿ ಐಸೆನ್‌ಹೋವರ್ ಸುರಂಗ 11,000 ಅಡಿಗೂ ಎತ್ತರದಲ್ಲಿದೆ. ಅಲ್ಲಿಂದ ಎರಡೂ ಕಡೆ ಉದ್ದದ ಇಳಿಜಾರು. ಬ್ರೇಕ್ ಕಳಕೊಂಡ ಲಾರಿಗಳಿಗೆ ಅಂತ ಜಲ್ಲಿ ತುಂಬಿದ ಏರು ದಾರಿಗಳನ್ನು ಪಕ್ಕದಲ್ಲಿ ಮಾಡಿದ್ದಾರೆ. ಅವು ಲಾರಿಯವರಿಗೆ ಮಾತ್ರ ಅಂದುಕೊಳ್ಳಬೇಡಿ. ಬ್ರೇಕ್ ಹಿಡಿಯುತ್ತಿಲ್ಲ ಅನ್ನಿಸಿದರೆ ಟ್ರೈಲರ್ ಹಾಳಾದೀತು ಅಂತ ನೋಡದೆ ನುಗ್ಗಿಸಿ. ಟ್ರೈಲರ್ ಇನ್ನೊಂದು ಸಿಗುತ್ತದೆ.

ಟ್ರೈಲರಿನ ಬ್ರೇಕ್ ಎಷ್ಟು ಹಿಡಿಯಬೇಕು ಅನ್ನುವುದನ್ನು ಟ್ರಕ್ಕಿನೊಳಗಿನ ಕಂಟ್ರೋಲರಿನಲ್ಲಿ ಹೊಂದಿಸಬಹುದು. ಸಮತಟ್ಟು ಜಾಗದಲ್ಲಿ 25 ಮೈಲಿ ವೇಗದಲ್ಲಿ ಅದನ್ನು ಕೈಯಿಂದ ಒತ್ತಿ. ಹಿಂದಿನಿಂದ ಯಾರೋ ಗಟ್ಟಿಯಾಗಿ ಹಿಡಿದು ನಿಲ್ಲಿಸಿದ ಹಾಗೆ ಆಗಬೇಕು, ಚಕ್ರ ಜಾರಬಾರದು.

ಗಾಳಿಗೆ ಹೆದರಬೇಕಾ?

ಹೆದರಬೇಕು. ಫಿಫ್ತ್ ವೀಲ್ ಅಂದರೆ 12-13 ಅಡಿ ಎತ್ತರದ ಗೋಡೆ. ವ್ಯೋಮಿಂಗ್‌ನ ಐ-80ರಲ್ಲಿ ಎಲ್ಕ್ ಮೌಂಟನ್ ಸುತ್ತಮುತ್ತ ಎತ್ತರದ, ಹಗುರ ವಾಹನಗಳಿಗೆ ಅಂತಲೇ ರಸ್ತೆ ಮುಚ್ಚುತ್ತಾರೆ. ಭಾರ ಹೇರಿದ ಲಾರಿ ನಿಂತೀತು, ನಮ್ಮದು ಮಗುಚುತ್ತದೆ. ಬೀಸು 40 ಮೈಲಿ ದಾಟುತ್ತದೆ ಅಂತ ಹವಾಮಾನ ಹೇಳಿದರೆ ನಾವು ಆ ದಿನ ಹೊರಡುವುದಿಲ್ಲ. ಒಮ್ಮೆ ಲ್ಯಾರಮಿಯಲ್ಲಿ ಎರಡು ದಿನ ಕೂತಿದ್ದೆವು. ಮಗಳು ಅಲ್ಲೇ ಚೌಕಾಬಾರ ಕಲಿತಳು.

ಫೋನಿನ ಮ್ಯಾಪ್ ನೋಡಿಕೊಂಡು ಹೋದರೆ ಆಗಲ್ವಾ?

ಕಾರಿನ ಮ್ಯಾಪಿಗೆ ನಿಮ್ಮ ಎತ್ತರ ಗೊತ್ತಿಲ್ಲ. ನಾರ್ತ್ ಕೆರೊಲಿನಾದ ಡರ್ಹಮ್‌ನಲ್ಲಿ ಒಂದು ರೈಲು ಸೇತುವೆ ಇದೆ. 11 ಅಡಿ 8 ಇಂಚು ಅಂತ ಫಲಕ ಇತ್ತು. ದೀಪ, ಎಚ್ಚರಿಕೆ ಎಲ್ಲ ಇದ್ದರೂ ಲಾರಿಗಳ ಚಾವಣಿ ಸುಲಿದು ಸುಲಿದು ಲೋಕಕ್ಕೆಲ್ಲ ಹೆಸರಾಯಿತು. 2019ರಲ್ಲಿ ಅದನ್ನು 12 ಅಡಿ 4 ಇಂಚಿಗೆ ಏರಿಸಿದರು. ಆಮೇಲೂ ತಗುಲಿಸಿಕೊಂಡವರು ಇದ್ದಾರೆ. ನಿಮ್ಮ ಫಿಫ್ತ್ ವೀಲ್ ಅದರ ಕೆಳಗೂ ಹಿಡಿಯುವುದು ಕಷ್ಟ.

ಚಾವಣಿಯ ಮೇಲಿನ ಏಸಿಯ ತುದಿಯಿಂದ ನೆಲಕ್ಕೆ ನೀವೇ ಟೇಪು ಹಿಡಿದು ಅಳೆಯಿರಿ, ಟ್ರಕ್ಕಿಗೆ ಕಟ್ಟಿದ ಸ್ಥಿತಿಯಲ್ಲಿ. ಆ ಅಂಕಿಯನ್ನು ಬರೆದು ಕಣ್ಣೆದುರು ಅಂಟಿಸಿ. ಎತ್ತರ ಹಾಕಿದರೆ ದಾರಿ ಬದಲಿಸಿ ತೋರಿಸುವ ಆರ್‌ವಿ (ಮನೆ ಗಾಡಿ) ಜಿಪಿಎಸ್ ಕೊಳ್ಳಿ. ನ್ಯೂಯಾರ್ಕಿನ ಪಾರ್ಕ್‌ವೇ ಅನ್ನುವ ರಸ್ತೆಗಳ ಹತ್ತಿರವೂ ಹೋಗಬೇಡಿ, ಅಲ್ಲಿನ ಸೇತುವೆಗಳು ತಗ್ಗು, ಟ್ರೈಲರಿಗೆ ಬಿಡುವುದೂ ಇಲ್ಲ.

ಸುರಂಗಗಳದ್ದು ಬೇರೆ ಕಥೆ. ಬಾಲ್ಟಿಮೋರ್‌ನ ಎರಡೂ ಸುರಂಗಗಳಲ್ಲಿ ನಮ್ಮಂಥ ಪ್ರೊಪೇನ್ ಸಿಲಿಂಡರಿನ ಟ್ರೈಲರುಗಳಿಗೆ ನಿಷೇಧ ಇದೆ. ಮೊದಲು ಕೀ ಸೇತುವೆ ಹತ್ತಿ ಹೋಗುತ್ತಿದ್ದರು. 2024ರ ಮಾರ್ಚ್‌ನಲ್ಲಿ ಹಡಗು ಬಡಿದು ಅದು ಬಿತ್ತು. ಈಗ ಊರಿನ ಪಶ್ಚಿಮದಿಂದ ಐ-695ರಲ್ಲಿ ಸುತ್ತಬೇಕು.

ಅಪ್ಪ-ಅಮ್ಮ ಊರಿಂದ ಬರುತ್ತಾರೆ. ದಾರಿಯಲ್ಲಿ ಅವರು ಟ್ರೈಲರಿನಲ್ಲೇ ಮಲಗಿಕೊಂಡು ಬರಬಹುದಾ?

ಬೇಡ. ಕೆಲವು ರಾಜ್ಯಗಳು ಫಿಫ್ತ್ ವೀಲ್‌ನಲ್ಲಿ ಕೂರಲು ಬಿಡುತ್ತವೆ, ನಿಜ. ಆದರೆ ಅಲ್ಲಿ ಸೀಟ್ ಬೆಲ್ಟ್ ಇಲ್ಲ. ಓಡುವಾಗ ಒಳಗೆ ಬೀರು ಬಾಗಿಲು ತೆರೆದುಕೊಳ್ಳುತ್ತದೆ, ಪಾತ್ರೆ ಹಾರುತ್ತದೆ. ಏನಾದರೂ ಆದರೆ ಮುಂದೆ ಕೂತ ನಿಮಗೆ ಅವರ ಕೂಗು ಕೇಳಿಸುವುದಿಲ್ಲ. ನನ್ನ ಅಮ್ಮ ಬಂದಾಗ "ನಾನು ಹಿಂದೆ ಕಾಲು ಚಾಚಿಕೊಂಡು ಬರ್ತೀನಿ ಕಣೋ" ಅಂದರು. ಬಿಡಲಿಲ್ಲ. ಟ್ರಕ್ಕಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಒಂದೂವರೆ ಗಂಟೆಗೊಮ್ಮೆ ನಿಲ್ಲಿಸಿ ನಡೆಸಿದೆವು. ಹೋಗಬೇಕಾದ ಊರು ಒಂದು ದಿನ ತಡವಾಗಿ ಸಿಕ್ಕಿತು, ಅಷ್ಟೇ.

ರಿವರ್ಸ್ ಬರುವುದೇ ಇಲ್ಲ. ಏನು ಮಾಡಲಿ?

ಸ್ಟಿಯರಿಂಗ್‌ನ ಕೆಳಭಾಗ ಹಿಡಿಯಿರಿ. ಟ್ರೈಲರಿನ ಹಿಂಭಾಗ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆಗೆ ಸರಿಸಿ. ಸ್ವಲ್ಪವೇ ತಿರುಗಿಸಿ, ಕಾಯಿರಿ. ಹೆಂಡತಿ ಹಿಂದೆ ನಿಂತು ದಾರಿ ತೋರಿಸುವುದಾದರೆ ಫೋನಿನಲ್ಲಿ ಮಾತಾಡಿಕೊಳ್ಳಿ, ಕಿರುಚಾಟ ತಪ್ಪುತ್ತದೆ. ಅವರು ನಿಮ್ಮ ಕನ್ನಡಿಯಲ್ಲಿ ಕಾಣದ ಗಳಿಗೆಯಲ್ಲೇ ಬ್ರೇಕ್ ಹಾಕಿ. ಸಂಶಯ ಬಂದರೆ ಇಳಿದು ನೋಡಿ, ಹತ್ತು ಸಲ ಆದರೂ ಸರಿ. ಕೊಂಬೆಗಳಿವೆಯಾ ಅಂತ ಮೇಲೂ ನೋಡಿ. ಮುಂದಕ್ಕೆ ತಿರುಗುವಾಗ ಟ್ರೈಲರಿನ ಚಕ್ರ ಟ್ರಕ್ಕಿನ ಚಕ್ರಕ್ಕಿಂತ ಒಳಗೆ ಕತ್ತರಿಸಿಕೊಂಡು ಬರುತ್ತದೆ, ಆದ್ದರಿಂದ ಅಗಲವಾಗಿ ತಿರುಗಿ.

ಮಿಕ್ಸಿ, ಏಸಿ, ಇನ್‌ಸ್ಟಂಟ್ ಪಾಟ್ ಎಲ್ಲ ಒಟ್ಟಿಗೆ ನಡೆಯುತ್ತಾ?

ಕ್ಯಾಂಪಿನಲ್ಲಿ ಎರಡು ಬಗೆಯ ಸಂಪರ್ಕ ಇರುತ್ತದೆ. 30 ಆಂಪಿನದು 3,600 ವ್ಯಾಟ್ ಕೊಡುತ್ತದೆ. 50 ಆಂಪಿನದರಲ್ಲಿ ಎರಡು ಸಾಲು ಇರುವುದರಿಂದ 12,000 ವ್ಯಾಟ್. 30ರಲ್ಲಿ ಏಸಿಗೆ 1,500, ಇಂಡಕ್ಷನ್ ಒಲೆಗೆ 1,800 ಅಂದರೆ ಅಲ್ಲಿಗೆ ಮುಗಿಯಿತು. ಇನ್‌ಸ್ಟಂಟ್ ಪಾಟ್ ಹಾಕಿದರೆ ಟ್ರಿಪ್ ಆಗುತ್ತದೆ. ಊರಿನಿಂದ ತಂದ 230 ವೋಲ್ಟಿನ ಮಿಕ್ಸಿ ಇಲ್ಲಿನ 120ರಲ್ಲಿ ಸರಿಯಾಗಿ ತಿರುಗುವುದಿಲ್ಲ. ಇಲ್ಲಿಯದನ್ನೇ ಕೊಳ್ಳಿ.

ಕ್ಯಾಂಪಿನ ಕರೆಂಟ್ ಕಂಬಕ್ಕೆ ನೇರವಾಗಿ ತಂತಿ ಸಿಕ್ಕಿಸಬೇಡಿ. ನಡುವೆ ಒಳ್ಳೆಯ ಸರ್ಜ್ ಪ್ರೊಟೆಕ್ಟರ್ ಇರಲಿ, ವೋಲ್ಟೇಜ್ ಇಳಿದಾಗಲೂ ಕಡಿದು ಹಾಕುವಂಥದ್ದು. ಬೇಸಿಗೆಯ ಮಧ್ಯಾಹ್ನ ಇಡೀ ಕ್ಯಾಂಪು ಏಸಿ ಹಾಕಿದಾಗ ವೋಲ್ಟೇಜ್ 105ಕ್ಕಿಂತ ಕೆಳಗಿಳಿದು ಏಸಿಯನ್ನೇ ಸುಡಬಹುದು.

ಇನ್ನೊಂದು ಮುಖ್ಯ ವಿಷಯ. ನಾವು ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ ಮೆಟ್ಟಿಲು ಹತ್ತುವವರು. ಒದ್ದೆ ನೆಲದ ಮೇಲೆ ನಿಂತು ಬಾಗಿಲ ಹಿಡಿ ಮುಟ್ಟಿದಾಗ ಚುಳ್ ಅಂದರೆ ಅದು ಸಣ್ಣ ವಿಷಯ ಅಲ್ಲ. ಟ್ರೈಲರಿನ ಮೈಗೇ ಕರೆಂಟ್ ಬಂದಿದೆ, ಭೂಸಂಪರ್ಕ ಸರಿ ಇಲ್ಲ. ಒಳಗಿರುವವರಿಗೆ ಇಳಿಯಬೇಡಿ ಅಂತ ಹೇಳಿ, ಕಂಬದ ಬ್ರೇಕರ್ ಆಫ್ ಮಾಡಿ, ಮೆಕ್ಯಾನಿಕ್ ಕರೆಸಿ.

ಒಗ್ಗರಣೆ ಹಾಕಿದರೆ ಹೊಗೆ ಅಲಾರಂ ಕೂಗುತ್ತದೆ. ಬ್ಯಾಟರಿ ತೆಗೆದಿಡಬಹುದಾ?

ದಯವಿಟ್ಟು ತೆಗೆಯಬೇಡಿ. ಒಗ್ಗರಣೆಗೆ ಮೊದಲು ಚಾವಣಿಯ ಫ್ಯಾನ್ ಹಾಕಿ, ಕಿಟಕಿ ತೆಗೆಯಿರಿ. ಮೆಣಸಿನಕಾಯಿ ಹುರಿಯುವುದನ್ನು ನಾವು ಹೊರಗೆ, ಸಣ್ಣ ಒಲೆಯಲ್ಲಿ ಮಾಡುತ್ತೇವೆ. ಟ್ರೈಲರಿನ ಗೋಡೆ ಅಂದರೆ ತೆಳು ಪ್ಲೈವುಡ್ಡು, ಫೋಮು, ಅಂಟು. ಹೊತ್ತಿಕೊಂಡರೆ ನಿಮಿಷಗಳ ಲೆಕ್ಕ. ಅದಕ್ಕೇ ಒಳಗೆ ದೇವರ ಮುಂದೆ ಎಣ್ಣೆ ದೀಪ ಹಚ್ಚುವುದನ್ನು ನಿಲ್ಲಿಸಿದ್ದೇವೆ. ಬ್ಯಾಟರಿ ದೀಪ ಇಟ್ಟಿದ್ದೇವೆ. ದೀಪಾವಳಿಗೆ ಹೊರಗಿನ ಮೇಜಿನ ಮೇಲೆ ಹಣತೆ. ಅತ್ತೆಯವರಿಗೆ ಮೊದಲು ಬೇಸರವಾಯಿತು, ಬಂದು ಜಾಗ ನೋಡಿದ ಮೇಲೆ ಅವರೇ ಸರಿ ಅಂದರು.

ಈಗ ನಿಮ್ಮ ಟ್ರೈಲರಿನ ಒಳಗಿನ ನಕ್ಷೆ ನೋಡಿ. ಹೆಚ್ಚಿನ ಫಿಫ್ತ್ ವೀಲ್‌ಗಳಲ್ಲಿ ಮಲಗುವ ಕೋಣೆ ಮುಂದೆ, ಮೆಟ್ಟಿಲು ಹತ್ತಿದ ಮೇಲೆ. ಅಡುಗೆಮನೆ ನಡುವೆ ಅಥವಾ ಹಿಂದೆ. ಬೆಂಕಿ ಹತ್ತುವ ಜಾಗ ಅಡುಗೆಮನೆ, ಹೊರಗೆ ಹೋಗುವ ಬಾಗಿಲೂ ಅದರ ಪಕ್ಕವೇ. ಆಗ ಉಳಿಯುವುದು ಕೆಂಪು ಹಿಡಿಯ ತುರ್ತು ಕಿಟಕಿ ಒಂದೇ. ಅದು ನೆಲದಿಂದ ತುಂಬ ಎತ್ತರದಲ್ಲಿರುತ್ತದೆ. ಹೊಸ ಟ್ರೈಲರುಗಳಲ್ಲಿ ಅದರ ರಬ್ಬರ್ ಅಂಟಿಕೊಂಡು ತೆರೆಯದೆ ಇರುವುದೂ ಉಂಟು. ಇವತ್ತೇ ತೆರೆದು ನೋಡಿ. ನಾವು ಕೆಳಗೆ ಹಾಸಿಗೆ ಹಾಕಿ ಮೂವರೂ ಇಳಿದು ಅಭ್ಯಾಸ ಮಾಡಿದ್ದೇವೆ. ಹೊಟ್ಟೆಯ ಮೇಲೆ ಮಲಗಿ, ಕಾಲು ಮೊದಲು ಹೊರಗೆ. ಮಗಳು ಕತ್ತಲಲ್ಲೂ ತೆರೆಯಬಲ್ಲಳು. ಬೆಂಕಿ ಆರಿಸುವ ಸಿಲಿಂಡರು ಮಲಗುವ ಕೋಣೆಯಲ್ಲಿ ಒಂದು, ಬಾಗಿಲ ಬಳಿ ಒಂದು, ಟ್ರಕ್ಕಿನಲ್ಲಿ ಒಂದು ಇಡಿ.

ಪ್ರೊಪೇನ್ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ಶೇಖರವಾಗುತ್ತದೆ. ಅದಕ್ಕೇ ಗ್ಯಾಸ್ ಅಲಾರಂ ಪಾದದ ಹತ್ತಿರ ಇರುವುದು. ಅದಕ್ಕೆ ಚೀಲ, ಚಪ್ಪಲಿ ಅಡ್ಡ ಇಡಬೇಡಿ. ಕೂಗಿದರೆ ಯಾವ ಸ್ವಿಚ್ಚನ್ನೂ ಹಾಕದೆ, ಆರಿಸದೆ ಹೊರಗೆ ಬಂದು ಸಿಲಿಂಡರ್ ಮುಚ್ಚಿ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಚಳಿಗೆ ಒಲೆ ಅಥವಾ ಓವನ್ ಉರಿಸಿಟ್ಟು ಮಲಗುವುದು, ಜನರೇಟರನ್ನು ಕಿಟಕಿ ಪಕ್ಕ ಇಡುವುದು, ಎರಡೂ ಪ್ರಾಣಕ್ಕೆ ಕುತ್ತು. ಈ ಅಲಾರಂಗಳಿಗೂ ಆಯಸ್ಸು ಇದೆ, ಸಾಮಾನ್ಯವಾಗಿ ಐದರಿಂದ ಏಳು ವರ್ಷ. ಹಿಂದೆ ತಿರುಗಿಸಿದರೆ ತಾರೀಕು ಕಾಣುತ್ತದೆ. ಹಳೆಯ ಟ್ರೈಲರ್ ಕೊಂಡವರು ಮೊದಲು ಮಾಡಬೇಕಾದ ಖರ್ಚು ಇದು.

ಶೌಚದ ತೊಟ್ಟಿ ಖಾಲಿ ಮಾಡುವುದು ಅಸಹ್ಯ ಅಲ್ವಾ?

ಸರಿಯಾಗಿ ಮಾಡಿದರೆ ಐದು ನಿಮಿಷದ ಕೆಲಸ. ತೊಟ್ಟಿಯ ವಾಲ್ವನ್ನು ಯಾವಾಗಲೂ ಮುಚ್ಚಿಡಿ, ಮುಕ್ಕಾಲು ತುಂಬಿದ ಮೇಲೆ ತೆರೆಯಿರಿ. ತೆರೆದೇ ಬಿಟ್ಟರೆ ನೀರು ಹರಿದುಹೋಗಿ ಗಟ್ಟಿ ಒಳಗೆ ಗುಡ್ಡೆ ಕಟ್ಟುತ್ತದೆ. ಮೊದಲು ಶೌಚದ್ದು, ಆಮೇಲೆ ಸ್ನಾನದ ನೀರಿನದು. ಸೋಪಿನ ನೀರು ಕೊಳವೆಯನ್ನು ತೊಳೆಯುತ್ತದೆ. ಚೊಂಬಿನಲ್ಲಿ ನೀರು ಬಳಸುವ ನಮ್ಮ ಅಭ್ಯಾಸ ಇಲ್ಲಿ ಒಳ್ಳೆಯದೇ, ತೊಟ್ಟಿ ಚೆನ್ನಾಗಿ ಹರಿಯುತ್ತದೆ. ಸ್ವಲ್ಪ ಬೇಗ ತುಂಬುತ್ತದೆ ಅಷ್ಟೇ. ಕೈಗವಸು ಹಾಕಿ. ಕುಡಿಯುವ ನೀರಿನ ಬಿಳಿ ಪೈಪನ್ನು ಅಲ್ಲಿ ತೊಳೆಯಲು ಎಂದೂ ಮುಟ್ಟಬೇಡಿ. ಎಣ್ಣೆ, ಅನ್ನದ ಅಗಳು, ಸಾರಿನ ಗಸಿ ಸಿಂಕಿಗೆ ಹೋಗಬಾರದು.

ಚಳಿಗಾಲದಲ್ಲಿ?

ನಾವು ದಕ್ಷಿಣಕ್ಕೆ ಹೋಗಿಬಿಡುತ್ತೇವೆ. ಉಳಿಯಲೇಬೇಕಾದರೆ ಟ್ರೈಲರಿನ ಕೆಳಗೆ ಸುತ್ತ ಮುಚ್ಚಿಗೆ ಹಾಕಿ, ಬಿಸಿಯಾಗುವ ನೀರಿನ ಪೈಪು ತನ್ನಿ. ಕುಕ್ಕರಿನ ಆವಿ ಗೋಡೆಯಲ್ಲಿ ಬೆವರಾಗಿ ಬೂಸ್ಟು ಹಿಡಿಯುತ್ತದೆ, ಡಿಹ್ಯೂಮಿಡಿಫೈಯರ್ ಇಡಿ.

ಸುಂಟರಗಾಳಿ ಬಂದರೆ ಟ್ರೈಲರೊಳಗೆ ಇರುವುದು ಸರಿಯಾ?

ಅಲ್ಲ. ಟಾರ್ನೇಡೋಗೆ ಟ್ರೈಲರ್ ಲೆಕ್ಕಕ್ಕೇ ಇಲ್ಲ. ಕ್ಯಾಂಪಿಗೆ ಹೋದ ಕೂಡಲೇ ಎರಡು ವಿಷಯ ಕೇಳಿ. ಗಟ್ಟಿ ಕಟ್ಟಡ ಯಾವುದು? ಹೆಚ್ಚಿನ ಕಡೆ ಸಿಮೆಂಟಿನ ಸ್ನಾನಗೃಹ ಇರುತ್ತದೆ. ನಾವಿರುವ ಕೌಂಟಿಯ (ಇಲ್ಲಿನ ಜಿಲ್ಲೆಯ) ಹೆಸರೇನು? ರೇಡಿಯೋದಲ್ಲಿ ಎಚ್ಚರಿಕೆ ಬರುವುದು ಕೌಂಟಿಯ ಹೆಸರಿನಲ್ಲಿ. ದಿನಕ್ಕೊಂದು ಊರು ಸುತ್ತುವ ನಮಗೆ ಅದು ಗೊತ್ತೇ ಇರುವುದಿಲ್ಲ. ನಾವು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸುತ್ತೇವೆ. ವಾಚ್ ಅಂದರೆ ಬರಬಹುದು, ವಾರ್ನಿಂಗ್ ಅಂದರೆ ಬಂದಿದೆ, ಓಡಿ.

ವೀಸಾದಲ್ಲಿ ಇರುವವರು ಹೀಗೆ ಬದುಕಬಹುದಾ?

ಎಚ್-1ಬಿಯಲ್ಲಿ ಇರುವವರು ಕಂಪನಿಯ ವಕೀಲರನ್ನು ಕೇಳದೆ ಹೊರಡಬೇಡಿ. ಆ ವೀಸಾ ಕೆಲಸದ ಜಾಗಕ್ಕೆ ಅಂಟಿಕೊಂಡಿದೆ. ಟ್ರೈಲರಿನಲ್ಲಿ ಕೂತು ಲ್ಯಾಪ್‌ಟಾಪ್ ತೆರೆದರೆ ಅದೂ ಕೆಲಸದ ಜಾಗವೇ. ಪೌರತ್ವ ಇಲ್ಲದ ಹೆಚ್ಚಿನವರು, ಗ್ರೀನ್ ಕಾರ್ಡಿನವರೂ ಸೇರಿ, ವಿಳಾಸ ಬದಲಾದ 10 ದಿನದೊಳಗೆ ಎಆರ್-11 ಅನ್ನುವ ವಿಳಾಸ ಬದಲಾವಣೆ ಅರ್ಜಿ ತುಂಬಬೇಕು. ನಾವು ಗ್ರೀನ್ ಕಾರ್ಡ್ ಬಂದ ಮೇಲೇ ಹೊರಟದ್ದು. ಪೂರ್ತಿ ಟ್ರೈಲರಿನಲ್ಲೇ ಇರುವವರು ಹೆಚ್ಚಾಗಿ ಸೌತ್ ಡಕೋಟ, ಟೆಕ್ಸಾಸ್ ಅಥವಾ ಫ್ಲೋರಿಡಾದಲ್ಲಿ ವಿಳಾಸ ಮಾಡಿಕೊಳ್ಳುತ್ತಾರೆ. ಟೆಕ್ಸಾಸಿನ ಲಿವಿಂಗ್‌ಸ್ಟನ್‌ನಲ್ಲಿರುವ ಎಸ್ಕೇಪೀಸ್ ಸಂಘ ಅಂಚೆಯನ್ನೂ ಕಳಿಸಿಕೊಡುತ್ತದೆ.

ವಿಮೆ ಮಾಡಿಸುವಾಗ "ಇದೇ ನಮ್ಮ ಮನೆ" ಅಂತ ಸ್ಪಷ್ಟವಾಗಿ ಹೇಳಿ, ಅದಕ್ಕೆ ಬೇರೆ ಪಾಲಿಸಿ ಇದೆ. ರಜೆಗೆ ಮಾತ್ರ ಬಳಸುವ ಪಾಲಿಸಿ ನಂಬಿ ಕೂರಬೇಡಿ. ವಾರಂಟಿಯ ಸಣ್ಣ ಅಕ್ಷರಗಳನ್ನೂ ಓದಿ, ಪೂರ್ತಿ ಸಮಯ ವಾಸ ಮಾಡಿದರೆ ವಾರಂಟಿ ಇಲ್ಲ ಅಂತ ಎಷ್ಟೋ ಕಡೆ ಬರೆದಿರುತ್ತದೆ.

ದುಡ್ಡು ಕೊಡದೆ ಎಲ್ಲಾದರೂ ನಿಲ್ಲಿಸಬಹುದಾ?

ಪಶ್ಚಿಮದ ರಾಜ್ಯಗಳಲ್ಲಿ ಬಿಎಲ್‌ಎಂ ಅನ್ನುವ ಸರ್ಕಾರಿ ಜಮೀನಿನಲ್ಲಿ ಸಾಮಾನ್ಯವಾಗಿ 28 ದಿನದಲ್ಲಿ 14 ದಿನ ಇರಬಹುದು. ನೀರು, ಕರೆಂಟು ನಿಮ್ಮದೇ. ಮಣ್ಣು ದಾರಿಯಲ್ಲಿ ಟ್ರೈಲರ್ ತರುವ ಮೊದಲು ಅದನ್ನು ಎಲ್ಲಾದರೂ ಬಿಟ್ಟು, ಬರೀ ಟ್ರಕ್ಕಿನಲ್ಲಿ ಹೋಗಿ ತಿರುಗಿಸುವ ಜಾಗ ಇದೆಯಾ ನೋಡಿ ಬನ್ನಿ.

ಹೊರಡುವ ಬೆಳಿಗ್ಗೆ ನಿಮ್ಮ ಮನೆಯಲ್ಲಿ ಯಾರು ಏನು ಮಾಡುತ್ತೀರಿ?

ಒಳಗಿನದು ಹೆಂಡತಿಗೆ. ಫ್ರಿಜ್ ಬಾಗಿಲಿಗೆ ಪಟ್ಟಿ, ಬೀರುಗಳಿಗೆ ಬೀಗ, ಗ್ಯಾಸ್ ಬಂದ್. ಆಮೇಲೆ ಸ್ಲೈಡ್, ಅಂದರೆ ನಿಂತಾಗ ಹೊರಚಾಚುವ ಕೋಣೆಯ ಭಾಗ, ಒಳಗೆ ಎಳೆಯುವುದು. ಆಗ ನೆಲದ ಮೇಲೆ ಏನೂ ಇರಬಾರದು, ಮಗಳ ಚಪ್ಪಲಿಯೂ. ಹೊರಗಿನದು ನನಗೆ. ನೀರು, ಕರೆಂಟು, ಕೊಳವೆ, ಹಿಚ್. ಚೀಟಿ ಮಗಳ ಕೈಯಲ್ಲಿ. ಅವಳು ಒಂದೊಂದೇ ಓದುತ್ತಾಳೆ, ನಾನು ಆಯಾ ವಸ್ತುವನ್ನು ಕೈಯಲ್ಲಿ ಮುಟ್ಟಿ ಆಯಿತು ಅನ್ನಬೇಕು. ಮುಟ್ಟದೆ ಹೇಳಿದರೆ ಅವಳು ಟಿಕ್ ಹಾಕುವುದಿಲ್ಲ. ಹೋದ ತಿಂಗಳು ಮಳೆಯಲ್ಲಿ ಅವಸರ ಮಾಡಿ ಬೀಗದ ಪಿನ್ ಆಯಿತು ಅಂದೆ. "ಅಪ್ಪ, ಮುಟ್ಟಿಲ್ಲ" ಅಂದಳು. ಹೋಗಿ ನೋಡಿದೆ. ಪಿನ್ ತೊಟ್ಟಿಯ ಮೂಲೆಯಲ್ಲಿ ಬಿದ್ದಿತ್ತು.

ಹತ್ತು ಮೈಲಿ ಆದ ಮೇಲೆ ಇನ್ನೊಮ್ಮೆ ನಿಲ್ಲಿಸುತ್ತೇವೆ. ಚಕ್ರದ ನಟ್ಟುಗಳನ್ನು ನೋಡಿ, ಬಿಸಿ ಅಳೆಯುವ ಗನ್ನನ್ನು ಒಂದೊಂದು ಚಕ್ರದ ನಡುವಿಗೂ ಹಿಡಿಯುತ್ತೇನೆ. ನಾಲ್ಕೂ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು ಮಾತ್ರ ಜಾಸ್ತಿ ಕಾದಿದ್ದರೆ ಬೇರಿಂಗ್ ಅಥವಾ ಬ್ರೇಕ್ ಹಿಡಿದಿದೆ ಅಂತ. ಆ ದಿನ ಅಲ್ಲಿಂದ ಮುಂದೆ ಹೋಗುವುದಿಲ್ಲ.